ಒಂದು ಚಾರ್ಜರ್‌ನಲ್ಲಿ ಬೂಟ್ ಆಗುತ್ತೆ, ಇನ್ನೊಂದರಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತೆ: ಟೈಪ್-ಸಿ ಪಿಡಿ ಡ್ರೈವರ್ ಬಗ್ಗೆ ಸಹಾಯ ಬೇಕು

ಕರಿಹಲಗೆ · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮ ತೋಟದ ಪಂಪ್‌ಹೌಸ್‌ನಲ್ಲಿ ಇಡೋಕೆ ಒಂದು ಚಿಕ್ಕ ಲಿನಕ್ಸ್ ಪೆಟ್ಟಿಗೆ ಮಾಡ್ತಿದ್ದೀನಿ. ಟ್ಯಾಂಕಿನ ನೀರಿನ ಮಟ್ಟ, ಮೋಟಾರ್ ಎಷ್ಟು ಹೊತ್ತು ಓಡಿತು, ಇಷ್ಟನ್ನ ಬರೆದಿಡೋದು ಅದರ ಕೆಲಸ. ಆರ್ಮ್ ಬೋರ್ಡ್, ಬ್ಯಾಟರಿ ಇಲ್ಲ, ವಿದ್ಯುತ್ ಒಳಗೆ ಬರೋಕೆ ಟೈಪ್-ಸಿ ಬಿಟ್ಟರೆ ಬೇರೆ ದಾರಿ ಇಲ್ಲ. ಎಷ್ಟು ವೋಲ್ಟ್ ಬೇಕು ಅಂತ ಚಾರ್ಜರ್ ಜೊತೆ ನಡೆಸೋ ಪಿಡಿ (ಪವರ್ ಡೆಲಿವರಿ) ಮಾತುಕತೆಗೆ ಎಫ್‌ಯುಎಸ್‌ಬಿ302 ಚಿಪ್. ಕರ್ನಲ್ ಬೋರ್ಡಿನ ಜೊತೆ ಬಂದ 6.1.

ಮನೇಲಿ ಮೂರು ಚಾರ್ಜರ್ ಇವೆ. ಹಳೇದು ಬರೀ 5 ವೋಲ್ಟ್ 3 ಆಂಪ್, ಪಿಡಿ ಗಿಡಿ ಏನೂ ಇಲ್ಲ. ಅದರಲ್ಲಿ ಬೋರ್ಡ್ ಆರಾಮಾಗಿ ಬೂಟ್ ಆಗುತ್ತೆ. ದೊಡ್ಡದು ಲ್ಯಾಪ್‌ಟಾಪಿನ 65 ವ್ಯಾಟಿನದ್ದು. ಅದನ್ನ ಹಾಕಿದರೆ ಕರ್ನಲ್ ಶುರುವಾಗಿ, ಫೈಲ್ ಸಿಸ್ಟಮ್ ಮೌಂಟ್ ಆಗಿ, ಇನ್ನೇನು ಲಾಗಿನ್ ಬರಬೇಕು ಅನ್ನೋವಾಗ ಪಕ್ ಅಂತ ಆರಿಹೋಗುತ್ತೆ. ಮತ್ತೆ ಮೊದಲಿಂದ. ರಾತ್ರಿಯೆಲ್ಲ ಬಿಟ್ಟು ನೋಡಿದೆ, ಬೆಳಗ್ಗೆ ಎದ್ದರೂ ಅದೇ ಸುತ್ತು. ಸಣ್ಣದು ಫೋನಿನ 30 ವ್ಯಾಟಿನದ್ದು. ಇದು ಎಲ್ಲಕ್ಕಿಂತ ವಿಚಿತ್ರ. ಗೋಡೆಗೆ ಚುಚ್ಚಿದರೆ ಸರಿಯಾಗಿ ಬೂಟ್ ಆಗುತ್ತೆ. ಆದರೆ ರೀಬೂಟ್ ಕಮಾಂಡ್ ಕೊಟ್ಟರೆ ಮಧ್ಯದಲ್ಲಿ ಒಂದು ಸಲ ಸತ್ತು, ಎರಡನೇ ಸಲಕ್ಕೆ ಪೂರ್ತಿ ಏಳುತ್ತೆ.

ಕೇಬಲ್ ಮೂರು ಬದಲಾಯಿಸಿ ಆಯ್ತು. ಹಳೇದನ್ನೇ ಇಟ್ಕೋಬಹುದಿತ್ತು, ಆದರೆ ಎಸ್‌ಎಸ್‌ಡಿ ಹಾಕಿದ ಮೇಲೆ 15 ವ್ಯಾಟ್ ಸಾಲ್ತಿಲ್ಲ.

—

ಕುಡ್ಲದವ · ಭಾನುವಾರ ರಾತ್ರಿ 10.05

ಮೂರು ಕೇಬಲ್ ಬದಲಾಯಿಸಿದ್ದು ಒಳ್ಳೇದಾಯ್ತು ಮಾರಾಯ್ರೆ, ಇಲ್ಲದಿದ್ರೆ ನಾನು ಮೊದ್ಲು ಅದನ್ನೇ ಕೇಳ್ತಿದ್ದೆ. 2019ರಲ್ಲಿ ರಾಸ್‌ಬೆರಿ ಪೈ 4 ಬಂದಾಗ ಕೇಬಲ್‌ದೇ ದೊಡ್ಡ ಗಲಾಟೆ ಆಗಿತ್ತಲ್ಲ. ಆಚೆ ಏನು ಸಿಕ್ಕಿಸಿದ್ದಾರೆ ಅಂತ ಚಾರ್ಜರ್ ನೋಡುವ ಎರಡು ಸಿಸಿ ಪಿನ್ನಿಗೂ ಬೇರೆ ಬೇರೆ 5.1 ಕಿಲೋ ಓಮ್ ರೆಸಿಸ್ಟರ್ ಹಾಕ್ಬೇಕಿತ್ತು, ಅವ್ರು ಎರಡನ್ನೂ ಸೇರಿಸಿ ಒಂದೇ ಹಾಕಿದ್ರು. ಸಾದಾ ಕೇಬಲ್ ಆದ್ರೆ ತೊಂದ್ರೆ ಇರ್ಲಿಲ್ಲ. ಒಳಗೆ ಕೇಬಲಿನ ಗುಣ ಹೇಳುವ ಇ-ಮಾರ್ಕರ್ ಚಿಪ್ ಇರುವ ದುಬಾರಿ ಕೇಬಲ್ ಹಾಕಿದ್ರೆ ಚಾರ್ಜರ್ ಪೈಯನ್ನು ಹೆಡ್‌ಫೋನ್ ಅಡಾಪ್ಟರ್ ಅಂತ ತಿಳ್ಕೊಂಡು ವಿದ್ಯುತ್ತೇ ಕೊಡ್ತಿರ್ಲಿಲ್ಲ. ಕಡಿಮೆ ಬೆಲೆಯ ಕೇಬಲ್ಲೇ ಸರಿಯಾಗಿ ನಡೀತಿತ್ತು! ಆಮೇಲಿನ ಬೋರ್ಡುಗಳಲ್ಲಿ ಸರಿ ಮಾಡಿದ್ರು.

ನಿಮ್ಮದು ಅದಲ್ಲ ಅಂತ ಕಾಣ್ತದೆ. ಕರ್ನಲ್‌ವರೆಗೆ ಬಂದು ಸಾಯ್ತದೆ ಅಂದ್ರೆ ಯಾರೋ ಬೇಕಂತಲೇ ಸಾಯಿಸ್ತಿದ್ದಾರೆ.

—

ಬೆಸುಗೆಬಾಬು · ಭಾನುವಾರ ರಾತ್ರಿ 10.30

ಬೋರ್ಡಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳೋ ಡಿವೈಸ್ ಟ್ರೀ ಕಡತದಲ್ಲಿ ಕನೆಕ್ಟರ್ ನೋಡ್ ಒಳಗೆ ಸೆಲ್ಫ್-ಪವರ್ಡ್ ಅಂತ ಒಂದು ಪ್ರಾಪರ್ಟಿ ಇದೆ ಗುರು. ಹಾಕಿ ನೋಡು, ಡ್ರೈವರ್ ರಿಸೆಟ್ ಮಾಡೋದು ಬಿಡಬಹುದು.

—

ಕರಿಹಲಗೆ · ಭಾನುವಾರ ರಾತ್ರಿ 11.50

ಹಾಕಿದೆ. ಈಗ ಸಣ್ಣ ಚಾರ್ಜರ್‌ನಲ್ಲೂ ಬೂಟ್ ಆಗ್ತಿಲ್ಲ. ಕೊನೆಗೆ ಹಳೇದರಲ್ಲೂ ಇಲ್ಲ! ಎಸ್‌ಡಿ ಕಾರ್ಡ್ ತೆಗೆದು ಲ್ಯಾಪ್‌ಟಾಪಲ್ಲಿ ಹಾಕಿ ವಾಪಸ್ ಬದಲಾಯಿಸಬೇಕಾಯ್ತು.

—

ಎಳೆಹಿಡಿದವಳು · ಸೋಮವಾರ ಬೆಳಗ್ಗೆ 7.15

ಅಯ್ಯೋ, ಅದನ್ನ ದಯವಿಟ್ಟು ಹಾಕಬೇಡಿ. ಆ ಪ್ರಾಪರ್ಟಿಯ ಅರ್ಥ ಬೋರ್ಡಿಗೆ ಬ್ಯಾಟರಿಯೋ ಇನ್ನೊಂದು ಅಡಾಪ್ಟರೋ ಇದೆ, ಟೈಪ್-ಸಿ ಹೋದರೂ ಬದುಕುತ್ತೆ ಅಂತ. ಅದನ್ನ ಓದಿದ ಡ್ರೈವರ್ ಪೋರ್ಟ್ ರಿಸೆಟ್ ಮಾಡುವಾಗ ಧೈರ್ಯವಾಗಿ ಸಿಸಿ ತಂತಿಗಳನ್ನ ತೆರೆದಿಡುತ್ತೆ. ಸಿಸಿ ತೆರೆದರೆ ಚಾರ್ಜರ್‌ಗೆ "ಕೇಬಲ್ ಕಿತ್ತರು" ಅಂತ ಕಾಣುತ್ತೆ, ವಿಬಸ್ (ವಿದ್ಯುತ್ ಬರೋ ತಂತಿ) ನಿಲ್ಲಿಸುತ್ತೆ. ಪಿಡಿ ಇಲ್ಲದ ಚಾರ್ಜರ್ ಕೂಡ ಸಿಸಿ ನೋಡಿಯೇ ವಿದ್ಯುತ್ ಬಿಡೋದರಿಂದ ನಿಮ್ಮ ಹಳೇದೂ ಕೈಕೊಟ್ಟಿತು. ಪ್ರಾಪರ್ಟಿ ಇಲ್ಲದಿದ್ದರೆ ಡ್ರೈವರ್ ಸಿಸಿ ಮೇಲಿನ 5.1 ಕಿಲೋ ಓಮ್‌ನ ಎಳೆತವನ್ನ (ಪುಲ್-ಡೌನ್) ಹಾಗೇ ಉಳಿಸಿಕೊಳ್ಳುತ್ತೆ. ಬ್ಯಾಟರಿ ಇಲ್ಲದ ಬೋರ್ಡಿಗೆ ಬೇಕಾದ್ದು ಅದೇ.

ನಿಮ್ಮ ಮೂರು ಚಾರ್ಜರಿನ ಕಥೆ ಓದಿದಾಗಲೇ ಕಾಯಿಲೆ ಯಾವುದು ಅಂತ ಮುಕ್ಕಾಲು ಪಾಲು ಗೊತ್ತಾಯ್ತು. ಖಚಿತ ಮಾಡಿಕೊಳ್ಳೋಕೆ ಒಂದು ಕೆಲಸ ಮಾಡಿ. ಕರ್ನಲ್ ತನ್ನ ಒಳಗಿನ ವಿಷಯ ತೋರಿಸೋ ಡಿಬಗ್‌ಎಫ್‌ಎಸ್ ಒಳಗೆ ಯುಎಸ್‌ಬಿ ಫೋಲ್ಡರಿನಲ್ಲಿ ಟಿಸಿಪಿಎಂ (ಕರ್ನಲ್‌ನಲ್ಲಿ ಪಿಡಿ ಮಾತುಕತೆ ನಡೆಸೋ ಭಾಗ) ಹೆಸರಿನ ಒಂದು ಕಡತ ಇರುತ್ತೆ. ಡ್ರೈವರ್ ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಯ್ತು ಅನ್ನೋದೆಲ್ಲ ಅದರಲ್ಲಿ ಸಾಲುಸಾಲಾಗಿ ಇರುತ್ತೆ. ಸಾಯೋ ಮುಂಚೆ ಅದನ್ನ ಸೀರಿಯಲ್ ಕನ್ಸೋಲಿಗೆ ಸುರಿಯೋ ಹಾಗೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದುಬಿಡಿ. ಡ್ರೈವರ್ ಮಾಡ್ಯೂಲ್ (ಬೇರೆಯಾಗಿ ಲೋಡ್ ಆಗೋ ತುಂಡು) ಆಗಿದ್ದರೆ ಇನ್ನೂ ಸುಲಭ. ಬೂಟ್‌ನಲ್ಲಿ ಲೋಡ್ ಆಗದ ಹಾಗೆ ತಡೆದು, ಆಮೇಲೆ ಕೈಯಾರೆ ಲೋಡ್ ಮಾಡಿ.

—

ಕರಿಹಲಗೆ · ಸೋಮವಾರ ರಾತ್ರಿ 8.20

ಮೇಡಂ, ಹೇಳಿದ ಹಾಗೆ ಮಾಡ್ಯೂಲ್ ತಡೆದೆ. ಏನು ಆಶ್ಚರ್ಯ, ಮೂರೂ ಚಾರ್ಜರ್‌ನಲ್ಲಿ ಬೋರ್ಡ್ ಪೂರ್ತಿ ಬೂಟ್ ಆಯ್ತು! ಬರೀ 5 ವೋಲ್ಟಲ್ಲಿ ಅಷ್ಟೇ. ಅಂದ್ರೆ ಕೊಲೆಗಾರ ಡ್ರೈವರೇ.

ದೊಡ್ಡ ಚಾರ್ಜರ್ ಹಾಕ್ಕೊಂಡು ಕೈಯಾರೆ ಲೋಡ್ ಮಾಡಿದಾಗ ಲಾಗ್‌ನಲ್ಲಿ ಬಂದಿದ್ದನ್ನ ಮಾತಲ್ಲಿ ಹೇಳ್ತೀನಿ, ಇಡೀ ಲಾಗ್ ಅಂಟಿಸಿದರೆ ಯಾರೂ ಓದಲ್ಲ. ಮೊದಲು ಡ್ರೈವರ್ ಸಿಸಿ ನೋಡಿ ತಾನು ಸಿಂಕ್ (ವಿದ್ಯುತ್ ತಗೊಳ್ಳೋ ಕಡೆ) ಅಂತ ಗುರುತಿಸಿತು. ಆಮೇಲೆ ಚಾರ್ಜರ್‌ನ ಕೇಪಬಿಲಿಟಿ ಪಟ್ಟಿಗೆ (ಏನೇನು ವೋಲ್ಟ್ ಕೊಡಬಲ್ಲೆ ಅನ್ನೋದು) ಕಾಯ್ತಾ ಕೂತಿತು, 310 ಮಿಲಿಸೆಕೆಂಡ್. ಬರಲಿಲ್ಲ. ಮಾತು ಮೊದಲಿಂದ ಶುರು ಮಾಡೋಣ ಅನ್ನೋ ಸಾಫ್ಟ್ ರಿಸೆಟ್ ಕಳಿಸಿತು. ಅದಕ್ಕೆ ಗುಡ್‌ಸಿಆರ್‌ಸಿ (ಸಂದೇಶ ತಲುಪಿತು ಅನ್ನೋ ರಸೀದಿ) ಕೂಡ ವಾಪಸ್ ಬರಲಿಲ್ಲ. ಕೊನೇ ಸಾಲು ಹಾರ್ಡ್ ರಿಸೆಟ್. ಅಲ್ಲಿಗೆ ಕನ್ಸೋಲ್ ಖಾಲಿ.

ಸಣ್ಣದರಲ್ಲಿ ರೀಬೂಟ್ ಆದಾಗ ಸ್ವಲ್ಪ ಬೇರೆ. ಸಾಫ್ಟ್ ರಿಸೆಟ್‌ಗೆ ಅದು ಅಕ್ಸೆಪ್ಟ್ ಅಂತ ಉತ್ತರ ಕೊಟ್ಟಿತು. ಆದರೆ ಅಕ್ಸೆಪ್ಟ್ ಅಂದ ಮೇಲೆ ಸುಮ್ಮನೆ ಕೂತಿತು, ಪಟ್ಟಿ ಕಳಿಸಲೇ ಇಲ್ಲ. ಮತ್ತೆ ಹಾರ್ಡ್ ರಿಸೆಟ್.

—

ಎಳೆಹಿಡಿದವಳು · ಸೋಮವಾರ ರಾತ್ರಿ 11.30

ಚೆನ್ನಾಗಿ ಹಿಡಿದಿದ್ದೀರಿ. ನೀವು ನೋಡಿದ್ದು ಎರಡು ಬೇರೆ ಬೇರೆ ಕಾಯಿಲೆ, ಸಾವು ಮಾತ್ರ ಒಂದೇ. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಪಿಡಿಯಲ್ಲಿ ಮಾತು ಶುರು ಮಾಡೋದು ಚಾರ್ಜರ್. "ನನ್ನ ಹತ್ತಿರ 5 ವೋಲ್ಟ್ ಇಷ್ಟು ಆಂಪ್, 9 ವೋಲ್ಟ್ ಇಷ್ಟು" ಅಂತ ಪಟ್ಟಿ ಕಳಿಸುತ್ತೆ. ಬೋರ್ಡ್ ಅದರಲ್ಲಿ ಒಂದನ್ನ ಕೇಳುತ್ತೆ, ಚಾರ್ಜರ್ ಒಪ್ಪುತ್ತೆ, ವೋಲ್ಟೇಜ್ ಬದಲಾಯಿಸಿ "ಸಿದ್ಧ" ಅನ್ನುತ್ತೆ. ಪಟ್ಟಿಗೆ ಯಾರೂ ಗುಡ್‌ಸಿಆರ್‌ಸಿ ಕೊಡದಿದ್ದರೆ 100ರಿಂದ 200 ಮಿಲಿಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕಳಿಸುತ್ತೆ. ಎಷ್ಟು ಸಲ? ಸ್ಪೆಕ್‌ನಲ್ಲಿ 50 ಅಂತ ಒಂದು ಎಣಿಕೆ ಇದೆ. ಅಂದರೆ 5ರಿಂದ 10 ಸೆಕೆಂಡ್. ಆಮೇಲೆ "ಇವನಿಗೆ ಪಿಡಿ ಬರಲ್ಲ" ಅಂತ ಬಾಯಿ ಮುಚ್ಚಿಕೊಳ್ಳುತ್ತೆ, 5 ವೋಲ್ಟ್ ಮಾತ್ರ ಕೊಡ್ತಾ ಇರುತ್ತೆ. ಆ ಸ್ಥಿತಿಗೆ ಹೋದ ಚಾರ್ಜರ್ ಹಾರ್ಡ್ ರಿಸೆಟ್ ಒಂದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಓಗೊಡಬೇಕಾಗಿಲ್ಲ. ನಿಮ್ಮ ದೊಡ್ಡದು ಇದೇ. ಬೂಟ್‌ಲೋಡರ್, ಕರ್ನಲ್, ರೂಟ್ ಫೈಲ್ ಸಿಸ್ಟಮ್ ಎಲ್ಲ ಆಗಿ ಮಾಡ್ಯೂಲ್ ಬರೋ ಹೊತ್ತಿಗೆ ಅದು ಕೂಗಿ ಕೂಗಿ ಸುಸ್ತಾಗಿ ಮಲಗಿದೆ. ಅದು ಸ್ಪೆಕ್ ಮುರಿದಿಲ್ಲ, ನೀವು ತಡವಾಗಿ ಹೋಗಿದ್ದೀರಿ. ಆ ಎಣಿಕೆ ಇಟ್ಟುಕೊಳ್ಳೋದು ಚಾರ್ಜರ್‌ಗೆ ಕಡ್ಡಾಯ ಅಲ್ಲ. ಸಣ್ಣದು ಇಟ್ಟುಕೊಂಡಿಲ್ಲ, ಕೂಗ್ತಾನೇ ಇರುತ್ತೆ. ಅದಕ್ಕೇ ತಣ್ಣಗಿನ ಬೂಟ್ ಸರಿಯಾಗಿ ಆಗೋದು.

ಸಣ್ಣದರ ತಪ್ಪು ಬೇರೆ ಕಡೆ ಇದೆ. ರೀಬೂಟ್ ಆದಾಗ ವಿಬಸ್ ಹೋಗಲ್ಲ, ಸಿಸಿ ಬಿಡಲ್ಲ. ಹಾಗಾಗಿ ಚಾರ್ಜರ್ ಪಾಲಿಗೆ ಹಿಂದಿನ ಒಪ್ಪಂದ ಇನ್ನೂ ಜೀವಂತ. ಹೊಸದಾಗಿ ಎದ್ದ ಕರ್ನಲ್‌ಗೆ ಆ ಒಪ್ಪಂದದ ನೆನಪಿಲ್ಲ. ಸಾಫ್ಟ್ ರಿಸೆಟ್ ಕಳಿಸುತ್ತೆ. ಆಗ ಚಾರ್ಜರ್ ಪಟ್ಟಿಯನ್ನ ಮೊದಲಿಂದ ಕಳಿಸಬೇಕು, ಇದು ನಿಯಮ. ನಿಮ್ಮದು ತಲೆ ಆಡಿಸಿ ಸುಮ್ಮನಾಯ್ತು.

ಎರಡೂ ಕಡೆ ಡ್ರೈವರ್ ಮುಂದಿನ ಹೆಜ್ಜೆಗೆ ಹೋಗುತ್ತೆ, ಅದೇ ಹಾರ್ಡ್ ರಿಸೆಟ್. ಚಾರ್ಜರ್ ವಿಬಸ್ಸನ್ನ ಸೊನ್ನೆಗೆ ಇಳಿಸಿ, 0.66ರಿಂದ 1 ಸೆಕೆಂಡ್ ಬಿಟ್ಟು ಮತ್ತೆ 5 ವೋಲ್ಟ್ ಕೊಡುತ್ತೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅದಕ್ಕಿದು ಗೊತ್ತೂ ಆಗಲ್ಲ. ನಿಮ್ಮ ಬೋರ್ಡ್ ಕೂತಿರೋ ಕೊಂಬೆಯನ್ನೇ ಕಡಿದ ಹಾಗೆ.

ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದರಲ್ಲಿದೆ. ಟಿಸಿಪಿಎಂ ಬರೆದವರು ಸೋಲಿಗೂ ದಾರಿ ಇಟ್ಟಿದ್ದಾರೆ. ಎರಡು ಹಾರ್ಡ್ ರಿಸೆಟ್ ಆದರೂ ಪಟ್ಟಿ ಬರದಿದ್ದರೆ ಪಿಡಿ ಆಸೆ ಬಿಟ್ಟು 5 ವೋಲ್ಟಲ್ಲೇ ಬದುಕು ಅಂತ. ನಿಮ್ಮ ಹಳೇ ಚಾರ್ಜರ್ ನಡೆಯೋದು ಹೀಗೇ. ಅದಕ್ಕೆ ಪಿಡಿ ಕಿವಿಯೇ ಇಲ್ಲ, ಎರಡು ಸಲ ಬೈದರೂ ಕೇಳಿಸಲ್ಲ, ವಿದ್ಯುತ್ ಕೊಡ್ತಾ ಇರುತ್ತೆ, ಡ್ರೈವರ್ ಸೋತು ಒಪ್ಪಿಕೊಳ್ಳುತ್ತೆ. ಆದರೆ ಆ "ಎರಡು ಸಲ" ಅನ್ನೋ ಎಣಿಕೆ ಇರೋದು ರ‍್ಯಾಮ್‌ನಲ್ಲಿ. ದೊಡ್ಡ ಚಾರ್ಜರ್‌ನಲ್ಲಿ ಮೊದಲನೇ ರಿಸೆಟ್‌ಗೇ ರ‍್ಯಾಮ್ ಖಾಲಿ. ಮುಂದಿನ ಬೂಟಲ್ಲಿ ಮತ್ತೆ ಸೊನ್ನೆಯಿಂದ. ಎಣಿಸೋನೇ ಪ್ರತಿ ಸಲ ಸಾಯ್ತಿದ್ದರೆ ಎರಡು ಅನ್ನೋ ಸಂಖ್ಯೆ ಬರೋದೇ ಇಲ್ಲ.

—

ಧಾರವಾಡದ_ಫೇಡೆ · ಮಂಗಳವಾರ ಬೆಳಗ್ಗೆ 6.50

ಭಾಳ ಚಲೋ ಬರದೀರಿ ಅಕ್ಕಾರ. ನಂದೂ ಇದ ಕಥಿ ರೀ, ಎರಡ ವರ್ಷ ಆತು, ಬೋರ್ಡ್ ಕೆಟ್ಟೈತಿ ಅಂತ ಡಬ್ಬಿಗೆ ಹಾಕಿ ಇಟ್ಟೇನಿ.

ಒಂದ ಪ್ರಶ್ನೆ. ಒಂದ ಸೆಕೆಂಡ್ ಅಷ್ಟ ವಿದ್ಯುತ್ ಹೋಗೂದು ಅಂದ್ರ, ದೊಡ್ಡದೊಂದು ಕೆಪ್ಯಾಸಿಟರ್ ಹಚ್ಚಿದ್ರ ದಾಟೂದಿಲ್ಲೇನ್ರಿ?

—

ಬೆಸುಗೆಬಾಬು · ಮಂಗಳವಾರ ಬೆಳಗ್ಗೆ 9.10

ಮೊದಲು ಕರಿಹಲಗೆಯವರ ಕ್ಷಮೆ ಕೇಳ್ತೀನಿ. ಆ ಪ್ರಾಪರ್ಟಿ ಹೆಸರು ನೋಡಿ ಉಲ್ಟಾ ಅರ್ಥ ಮಾಡ್ಕೊಂಡಿದ್ದೆ.

ಕೆಪ್ಯಾಸಿಟರ್ ಲೆಕ್ಕ ಹಾಕೋಣ ಫೇಡೆಯವರೇ. ಬೋರ್ಡ್ 5 ವ್ಯಾಟ್ ತಿನ್ನುತ್ತೆ ಅಂದ್ಕೊಳ್ಳಿ, ಒಂದು ಸೆಕೆಂಡಿಗೆ 5 ಜೂಲ್ ಬೇಕು. 1000 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್ 5 ವೋಲ್ಟಲ್ಲಿ ಪೂರ್ತಿ ತುಂಬಿದರೂ 0.0125 ಜೂಲ್. ಅಂಥವು 400 ಬೇಕು, ಅದೂ ಕೊನೇ ಹನಿವರೆಗೂ ಹಿಂಡಿದರೆ! ಸೂಪರ್ ಕೆಪ್ಯಾಸಿಟರ್ ಹಾಕಬಹುದು, ಆದರೆ ಅದಕ್ಕೆ ಚಾರ್ಜ್ ಮಾಡೋ ಸರ್ಕ್ಯೂಟು, ವಿಬಸ್ ಕಡೆಗೆ ವಾಪಸ್ ಹರೀದ ಹಾಗೆ ತಡೆ, ಎಲ್ಲಾ ಬೇಕು. ಅಷ್ಟು ಮಾಡೋ ಬದಲು ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದು 12 ವೋಲ್ಟ್ ಅಡಾಪ್ಟರ್ ತಗೊಂಡು ಪಿನ್ ಹೆಡರ್‌ಗೆ ವೋಲ್ಟ್ ಇಳಿಸೋ ಬಕ್ ಕನ್ವರ್ಟರ್ ಹಚ್ಚಿದರೆ ಮುಗೀತು ಕಥೆ. ನನ್ನ ಗಿರಾಕಿಗಳಿಗೆ ನಾನು ಹಾಗೇ ಮಾಡಿಕೊಡೋದು.

—

ನಿಯಮಪಾಲಕ · ಮಂಗಳವಾರ ಮಧ್ಯಾಹ್ನ 1.25

ನಾನು ಟೈಪ್-ಸಿ ಕಂಪ್ಲಯನ್ಸ್ ಪರೀಕ್ಷೆ ಮಾಡೋ ಲ್ಯಾಬಿನವನು. ಕಟುವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಸಾಫ್ಟ್ ರಿಸೆಟ್ ಆದ ಮೇಲೆ ಪಟ್ಟಿ ಕಳಿಸದ ಚಾರ್ಜರ್ ಸ್ಪೆಕ್ ಪ್ರಕಾರ ನಪಾಸು. ಅದನ್ನ ಎಸೆಯಿರಿ. ಕೆಟ್ಟ ಸಾಧನಗಳಿಗೆ ಡ್ರೈವರ್ ಬಗ್ಗಿಕೊಂಡು ಹೋದರೆ ಅವನ್ನ ಮಾಡೋರು ಯಾವತ್ತೂ ತಿದ್ದಿಕೊಳ್ಳಲ್ಲ. ಮಾಡಲೇಬೇಕು ಅಂದರೆ ಕ್ವರ್ಕ್ ಪಟ್ಟಿ ಇಡಿ. ಇಂಥ ಕಂಪನಿಯ ಇಂಥ ಮಾಡೆಲ್ ಕಂಡರೆ ಮಾತ್ರ ವಿಶೇಷ ಉಪಚಾರ, ಉಳಿದವರಿಗೆ ಸ್ಪೆಕ್.

—

ಎಳೆಹಿಡಿದವಳು · ಮಂಗಳವಾರ ಸಂಜೆ 6.00

ನಿಯಮಪಾಲಕರೇ, ಕ್ವರ್ಕ್ ಪಟ್ಟಿ ಕೇಳೋಕೆ ಚೆಂದ. ಇಲ್ಲಿ ಅದು ಹೇಗೆ ನಡೆಯುತ್ತೆ ಅಂತ ಯೋಚಿಸಿ ನೋಡಿ. ಪಟ್ಟಿ ಇಡಬೇಕಾದರೆ ಎದುರಿಗಿರೋನು ಯಾರು ಅಂತ ಗೊತ್ತಾಗಬೇಕು. ಎಷ್ಟೋ ಚಾರ್ಜರ್‌ಗಳು ತಮ್ಮ ಹೆಸರು, ಕಂಪನಿ ಸಂಖ್ಯೆ ಹೇಳೋದೇ ಇಲ್ಲ. ಹೇಳೋ ಚಾರ್ಜರ್ ಆದರೂ ಮಾತುಕತೆ ಕುದುರಿದ ಮೇಲೆ ಹೇಳುತ್ತೆ. ನಮ್ಮ ಜಗಳ ಇರೋದು ಮಾತುಕತೆ ಕುದುರೋ ಮುಂಚೆ. ಹೆಣ್ಣು ನೋಡೋ ಶಾಸ್ತ್ರಕ್ಕೇ ಮದುವೆ ಸರ್ಟಿಫಿಕೇಟ್ ತನ್ನಿ ಅಂದ ಹಾಗಾಯ್ತು.

ಲ್ಯಾಪ್‌ಟಾಪ್ ಜಗತ್ತಿನಲ್ಲಿ ಪಟ್ಟಿ ನಡೆಯುತ್ತೆ, ಒಪ್ಪುತ್ತೀನಿ. ಅಲ್ಲಿ ಪಿಡಿ ಕೆಲಸ ಫರ್ಮ್‌ವೇರ್ ಮಾಡುತ್ತೆ, ಕರ್ನಲ್ ಯುಸಿಎಸ್‌ಐ ಅನ್ನೋ ಇಂಟರ್‌ಫೇಸ್ ಮೂಲಕ ಅದರ ಜೊತೆ ಮಾತಾಡುತ್ತೆ. "ಪಿಪಿಎಂ ಇನಿಟ್ ಫೇಲ್ಡ್, ಮೈನಸ್ 110" ಅನ್ನೋ ಸಾಲನ್ನ ಬೂಟ್ ಲಾಗಲ್ಲಿ ನೋಡಿ ಹೆದರಿದವರು ಇಲ್ಲೂ ಇರಬಹುದು. ಫರ್ಮ್‌ವೇರ್ ಸಮಯಕ್ಕೆ ಉತ್ತರ ಕೊಡಲಿಲ್ಲ ಅಂತ ಅದರ ಅರ್ಥ. ಅಲ್ಲಿ ತೊಂದರೆ ಕೊಡೋ ಯಂತ್ರ ಯಾವುದು ಅಂತ ಡಿಎಂಐ ಹೆಸರು (ಫರ್ಮ್‌ವೇರ್ ಹೇಳೋ ಯಂತ್ರದ ಮಾಡೆಲ್) ನೋಡಿದರೆ ತಿಳಿಯುತ್ತೆ, ಹಾಗಾಗಿ ಕೆಲವು ಮಾಡೆಲ್‌ಗಳಿಗೆ ಪ್ರತ್ಯೇಕ ಕೋಡ್ ಆ ಡ್ರೈವರ್‌ನಲ್ಲೇ ಇದೆ. ಅಲ್ಲಿ ವಿಚಿತ್ರ ಇರೋದು ನಮ್ಮ ಕಡೆ. ಇಲ್ಲಿ ವಿಚಿತ್ರ ಇರೋದು ತಂತಿಯ ಆಚೆ ತುದೀಲಿ, ಕತ್ತಲಲ್ಲಿ.

ಹಾಗಾಗಿ ಯಾರು ಅಂತ ಕೇಳದೆ, ಹೊಡೆಯೋ ಮುಂಚೆ ಇನ್ನೊಂದು ಸಲ ಮೆಲ್ಲಗೆ ಮಾತಾಡಿಸಬೇಕು. 2024ರಲ್ಲಿ ಕೊಲಾಬೊರಾ ಕಂಪನಿಯ ಸೆಬಾಸ್ಟಿಯನ್ ರೈಶೆಲ್ ಮುಖ್ಯ ಕರ್ನಲ್‌ಗೆ ಸೇರಿಸಿದ ಬದಲಾವಣೆ ಇಷ್ಟೇ. ಚಾರ್ಜರ್‌ನ ವೋಲ್ಟೇಜ್ ಪಟ್ಟಿ ಬರಲಿಲ್ಲ ಅಂದ ತಕ್ಷಣ ಹಾರ್ಡ್ ರಿಸೆಟ್‌ಗೆ ಹಾರೋ ಬದಲು, ಮಧ್ಯದಲ್ಲಿ ಒಂದು ಹೊಸ ಸ್ಥಿತಿ. "ನಿನ್ನ ಪಟ್ಟಿ ಕೊಡು" ಅಂತ ಗೆಟ್ ಸೋರ್ಸ್ ಕ್ಯಾಪ್ ಸಂದೇಶ ಕಳಿಸಿ ನೋಡೋದು. ಆ ಸಂದೇಶಕ್ಕೆ ಎಲ್ಲಾ ಪಿಡಿ ಚಾರ್ಜರ್‌ಗಳೂ ಉತ್ತರ ಕೊಡಲೇಬೇಕು. ಇದಕ್ಕೂ ಉತ್ತರ ಇಲ್ಲದಿದ್ದರೆ ಆಗ ಹಾರ್ಡ್ ರಿಸೆಟ್. ಬ್ಯಾಟರಿ ಇಲ್ಲದ ರಾಕ್ 5ಬಿ, ಆರ್‌ಕೆ3399 ಬೋರ್ಡುಗಳು ಬೂಟ್ ಸುತ್ತಿಗೆ ಬೀಳ್ತಿವೆ ಅಂತಲೇ ಅದನ್ನ ಮಾಡಿದ್ದು. ಸ್ಪೆಕ್‌ನಿಂದ ಒಂಚೂರು ಆಚೆ ಹೋಗ್ತಿದ್ದೀವಿ ಅಂತ ಕೋಡಿನ ಕಾಮೆಂಟಲ್ಲೇ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಸರಿಯಾದ ಚಾರ್ಜರ್‌ಗೆ ಇದರಿಂದ ನಷ್ಟ ಇಲ್ಲ, ತಪ್ಪಿದ ಚಾರ್ಜರ್‌ಗೆ ಇನ್ನೊಂದು ಅವಕಾಶ. ಇದನ್ನ ಬಗ್ಗೋದು ಅಂತ ನಾನು ಕರೆಯಲ್ಲ.

ಕರಿಹಲಗೆಯವರೇ, ನಿಮ್ಮ 6.1ರಲ್ಲಿ ಅದು ಇದೆಯಾ ನೋಡಿ, ಇಲ್ಲದಿದ್ದರೆ ಹೊಸ ಮುಖ್ಯ ಕರ್ನಲ್ ಹಾಕಿ. ಸಣ್ಣ ಚಾರ್ಜರ್ ಇದರಿಂದ ಸರಿಹೋಗಬೇಕು. ದೊಡ್ಡದು ಹೋಗಲ್ಲ. ಮಲಗಿದ ಚಾರ್ಜರ್‌ಗೆ ಈ ಸಂದೇಶವೂ ಕೇಳಿಸಲ್ಲ.

—

ನಿಯಮಪಾಲಕ · ಮಂಗಳವಾರ ಸಂಜೆ 7.10

ಮದುವೆ ಸರ್ಟಿಫಿಕೇಟ್ ಮಾತಿಗೆ ಸೋತೆ. ಗುರುತು ಸಿಗಲ್ಲ ಅನ್ನೋದು ಸರಿ, ನಮ್ಮ ಲ್ಯಾಬಿಗೆ ಬರೋವರಲ್ಲೂ ಕಂಪನಿ ಸಂಖ್ಯೆ ಸೊನ್ನೆ ಇಟ್ಟುಕೊಂಡು ಬರ್ತಾರೆ. ಆದರೂ ಒಂದು ಮಾತು ಉಳಿಸಿಕೊಳ್ತೀನಿ. ಲಾಗ್ ನೋಡಿ ಚಾರ್ಜರ್ ತಪ್ಪು ಅನ್ನೋದು ಸಾಕಾಗಲ್ಲ. ಅದು ನಿಮ್ಮ ಕಡೆಯ ಸಾಕ್ಷಿ. ಚಿಪ್ಪಿನಿಂದ ಐ2ಸಿ ಮೂಲಕ ಕರ್ನಲ್‌ಗೆ ಬರೋ ದಾರೀಲಿ ಸಂದೇಶ ಕಳೆದುಹೋಗಿರಬಹುದು. ತಂತಿಯ ಮೇಲೆ ಏನಿತ್ತು ಅಂತ ನೋಡದೆ ತೀರ್ಪು ಬೇಡ.

—

ಕುಡ್ಲದವ · ಮಂಗಳವಾರ ರಾತ್ರಿ 9.45

ತಂತಿ ನೋಡ್ಲಿಕ್ಕೆ ಹೋಗಿ ನಾನು ಕೈ ಸುಟ್ಕೊಂಡ ಕಥೆ ಹೇಳ್ತೇನೆ. ಸಿಗ್ರಾಕ್ ಅನ್ನುವ ತಂತ್ರಾಂಶದಲ್ಲಿ ಪಿಡಿ ಡೀಕೋಡರ್ ಉಂಟು, 24 ಮೆಗಾಹರ್ಟ್ಸ್‌ನ 8 ಚಾನೆಲ್ ಲಾಜಿಕ್ ಅನಲೈಸರ್ ನನ್ನ ಹತ್ರ ಇತ್ತು. ಸಿಸಿಯ ಮೇಲೆ ಓಡುವುದು ಸೆಕೆಂಡಿಗೆ 300 ಕಿಲೋಬಿಟ್, ಅನಲೈಸರ್‌ಗೆ ಅದು ಯಾವ ಲೆಕ್ಕ ಅಂತ ಸಿಕ್ಕಿಸಿದೆ. ಎರಡು ದಿನ ಚಪ್ಪಟೆ ಗೆರೆ ಬಿಟ್ರೆ ಏನೂ ಇಲ್ಲ! ಆಮೇಲೆ ತಲೆಗೆ ಹೋಯ್ತು. ಪಿಡಿ ಸಿಗ್ನಲ್ ಏಳುವುದೇ ಸುಮಾರು 1.1 ವೋಲ್ಟಿಗೆ. ಇಂಥ ಅಗ್ಗದ ಅನಲೈಸರ್‌ಗೆ ಒಂದು ಅಂತ ಕಾಣ್ಬೇಕಾದ್ರೆ 2 ವೋಲ್ಟ್ ಬೇಕು. ಮಧ್ಯೆ ಕಂಪ್ಯಾರೇಟರ್ ಇಡ್ಬೇಕು, ಮಿತಿಯನ್ನು ಅರ್ಧ ವೋಲ್ಟಿನ ಆಸುಪಾಸಿಗೆ ಇಟ್ಟು. ಡ್ರಾಯರಲ್ಲಿ ಬಿದ್ದಿರುವ ಎಲ್‌ಎಂ393 ಹಾಕ್ಬೇಡಿ, ಅದು ನಿಧಾನ, ಅಂಚುಗಳನ್ನು ತಿಂದುಬಿಡ್ತದೆ.

ದುಡ್ಡಿದ್ರೆ ಪಿಡಿ ಅನಲೈಸರನ್ನೇ ತಗೊಳ್ಳಿ. ಗೂಗಲ್‌ನವರ ಟ್ವಿಂಕಿ ಅನ್ನುವ ಪುಟ್ಟ ಬೋರ್ಡಿನ ವಿನ್ಯಾಸವೂ ಎಲ್ಲರಿಗೂ ತೆರೆದಿದೆ, ಮಾಡಿಸ್ಕೊಳ್ಬಹುದು.

—

ಕರಿಹಲಗೆ · ಗುರುವಾರ ರಾತ್ರಿ 10.15

ಎರಡು ದಿನದ ವರದಿ.

ಹೊಸ ಕರ್ನಲ್ ಹಾಕಿದೆ. ಸಣ್ಣ ಚಾರ್ಜರ್‌ನಲ್ಲಿ ರೀಬೂಟ್ ಈಗ ಒಂದೇ ಸಲಕ್ಕೆ ಆಗುತ್ತೆ. ಲಾಗಲ್ಲಿ ಕಣ್ಣಾರೆ ಕಂಡೆ. ಸಾಫ್ಟ್ ರಿಸೆಟ್, ಅಕ್ಸೆಪ್ಟ್, ಮೌನ, 310 ಮಿಲಿಸೆಕೆಂಡ್, ಆಮೇಲೆ ಹೊಸ ಸ್ಥಿತಿ, ಗೆಟ್ ಸೋರ್ಸ್ ಕ್ಯಾಪ್, ತಕ್ಷಣ ಪಟ್ಟಿ! ಕೇಳಿದರೆ ಕೊಡೋ ಜಾತಿ, ಕೇಳದೆ ಕೊಡಲ್ಲ.

ಕುಡ್ಲದವರ ಕಂಪ್ಯಾರೇಟರ್ ನನ್ನ ಹತ್ತಿರ ಇಲ್ಲ, ಆದರೆ ಹಳೇ ಆಸಿಲೋಸ್ಕೋಪ್ ಒಂದಿದೆ. ಸಿಸಿ ಮೇಲೆ ಇಟ್ಟು ದೊಡ್ಡ ಚಾರ್ಜರನ್ನ ನೋಡಿದೆ. ಚುಚ್ಚಿದ ಕ್ಷಣದಿಂದ ಸಂದೇಶದ ಗೊಂಚಲು ಒಂದೇ ತಾಳದಲ್ಲಿ ಬರುತ್ತೆ, ಸುಮಾರು 8 ಸೆಕೆಂಡಿಗೆ ನಿಂತುಹೋಗುತ್ತೆ. ನನ್ನ ಮಾಡ್ಯೂಲ್ ಲೋಡ್ ಆಗೋದು ಚುಚ್ಚಿದ 14ನೇ ಸೆಕೆಂಡಿಗೆ. ಮೇಡಂ ಹೇಳಿದ್ದು ಅಕ್ಷರಶಃ ನಿಜ. ನಿಯಮಪಾಲಕರೇ, ಇದು ತಂತಿಯ ಸಾಕ್ಷಿ, ಸ್ವೀಕರಿಸಬೇಕು.

ಆಮೇಲೆ ನನಗೇ ಹೊಳೆದ ಒಂದು ಉಪಾಯ ಮಾಡಿದೆ. ಎಫ್‌ಯುಎಸ್‌ಬಿ302, ಟಿಸಿಪಿಎಂ, ಐ2ಸಿ ಡ್ರೈವರ್ ಯಾವುದನ್ನೂ ಮಾಡ್ಯೂಲ್ ಆಗಿ ಬಿಡದೆ ಕರ್ನಲ್ ಒಳಗೇ ಸೇರಿಸಿ ಬಿಲ್ಡ್ ಮಾಡಿದೆ. 14 ಇಳಿದು ಏಳೂವರೆ ಆಯ್ತು. ಹತ್ತು ಸಲ ಚುಚ್ಚಿದರೆ ಏಳು ಸಲ ಬೂಟ್ ಆಗುತ್ತೆ. ಮೂರು ಸಲ ಬಸ್ ಮಿಸ್ಸು.

—

ಎಳೆಹಿಡಿದವಳು · ಶುಕ್ರವಾರ ಬೆಳಗ್ಗೆ 7.00

ಸರಿಯಾದ ದಾರಿಗೆ ಬಂದಿದ್ದೀರಿ, ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ. ಕರ್ನಲ್‌ಗಿಂತ ಮುಂಚೆ ಎದ್ದಿರೋದು ಬೂಟ್‌ಲೋಡರ್, ಇಲ್ಲಿ ಯು-ಬೂಟ್. ಯು-ಬೂಟ್‌ಗೂ ಟಿಸಿಪಿಎಂ, ಎಫ್‌ಯುಎಸ್‌ಬಿ302 ಡ್ರೈವರ್ ಬಂದಿವೆ, ಅದನ್ನ ತಂದವರೂ ರೈಶೆಲ್ ಅವರೇ. ಕಾನ್ಫಿಗ್‌ನಲ್ಲಿ ಹಚ್ಚಿಕೊಂಡು ಬಿಲ್ಡ್ ಮಾಡಿ. ಯು-ಬೂಟ್ ಮೊದಲ ಒಂದೆರಡು ಸೆಕೆಂಡಲ್ಲೇ ಒಪ್ಪಂದ ಮುಗಿಸಿಬಿಡುತ್ತೆ, ಚಾರ್ಜರ್ ಮಲಗೋ ಪ್ರಶ್ನೆ ಬರಲ್ಲ. ಆಮೇಲೆ ಕರ್ನಲ್ ಎದ್ದಾಗ ಅದು ರೀಬೂಟ್ ಆದ ಸ್ಥಿತಿಯ ಹಾಗೇ ಇರುತ್ತೆ: ಒಪ್ಪಂದ ಇದೆ, ನೆನಪಿಲ್ಲ. ಅಲ್ಲಿಂದ ಸಾಫ್ಟ್ ರಿಸೆಟ್, ಬೇಕಾದರೆ ಗೆಟ್ ಸೋರ್ಸ್ ಕ್ಯಾಪ್. ಎರಡು ತಿದ್ದುಪಡಿ ಸೇರಿದರೇ ಪೂರ್ತಿ ಮದ್ದು.

ಇನ್ನೊಂದು. ನಿಮ್ಮ ಡಿವೈಸ್ ಟ್ರೀನಲ್ಲಿ ಸಿಂಕ್ ಪಿಡಿಒ (ಬೋರ್ಡ್ ಕೇಳಬಹುದಾದ ವೋಲ್ಟೇಜ್‌ಗಳು) ಏನಿದೆ? ದೊಡ್ಡ ಚಾರ್ಜರ್‌ನಲ್ಲಿ ಬೂಟ್ ಆದ ಏಳು ಸಲ ಎಷ್ಟು ವೋಲ್ಟ್ ಬಂತು ನೋಡಿದ್ರಾ?

—

ಕರಿಹಲಗೆ · ಶುಕ್ರವಾರ ರಾತ್ರಿ 9.30

ಅಯ್ಯೋ, ನೋಡಿರಲಿಲ್ಲ. ಈಗ ನೋಡಿದೆ. 5 ವೋಲ್ಟ್! 65 ವ್ಯಾಟಿನ ಚಾರ್ಜರಿಂದ 15 ವ್ಯಾಟ್ ಕುಡೀತಾ ಕೂತಿದೆ. ಸಣ್ಣದರಿಂದ ಮಾತ್ರ 12 ಬರ್ತಿದೆ. ಡಿವೈಸ್ ಟ್ರೀನಲ್ಲಿ ಇರೋದು 5 ಮತ್ತು 12, ಎರಡೂ ಫಿಕ್ಸೆಡ್.

ಯು-ಬೂಟ್ ಬಿಲ್ಡ್ ಆಯ್ತು. ದೊಡ್ಡದರಲ್ಲಿ ಇಪ್ಪತ್ತು ಸಲ ಚುಚ್ಚಿ ತೆಗೆದೆ, ಇಪ್ಪತ್ತೂ ಸಲ ಬೂಟ್. ಹೆಂಡತಿ ಬಂದು ಏನು ಆಟ ಆಡ್ತಿದ್ದೀರಿ ಅಂತ ಕೇಳಿ ಹೋದಳು.

—

ನಿಯಮಪಾಲಕ · ಶುಕ್ರವಾರ ರಾತ್ರಿ 10.40

ಇದಕ್ಕೆ ನಾನು ಉತ್ತರ ಕೊಡ್ತೀನಿ, ನಮ್ಮ ದಿನನಿತ್ಯದ ದೂರು. 12 ವೋಲ್ಟನ್ನ ನಂಬಬೇಡಿ. 2012ರ ಮೊದಲ ಪಿಡಿ ಸ್ಪೆಕ್‌ನ ಪ್ರೊಫೈಲುಗಳಲ್ಲಿ 5, 12, 20 ಇತ್ತು. ಆಮೇಲೆ ಬಂದ ನಿಯಮದಲ್ಲಿ ಚಾರ್ಜರ್ ಕೊಡಬೇಕಾದ್ದು 5, 9, 15, 20. ಅದರಲ್ಲಿ 12 ಐಚ್ಛಿಕ. ಕೆಲವರು ಕೊಡ್ತಾರೆ, ಕೆಲವರು ಕೊಡಲ್ಲ, ಎರಡೂ ಪಾಸು. ನಿಮ್ಮ ದೊಡ್ಡದು ಕೊಡಲ್ಲ. ಡ್ರೈವರ್ ಫಿಕ್ಸೆಡ್‌ಗೆ ಫಿಕ್ಸೆಡ್ ತಾಳೆ ಹಾಕುವಾಗ ವೋಲ್ಟೇಜ್ ಸರಿಯಾಗಿ ಹೊಂದಬೇಕು, ಇಲ್ಲದಿದ್ದರೆ 5ಕ್ಕೆ ಇಳಿಯುತ್ತೆ. ಯಾವ ಎರರ್ ಸಂದೇಶವೂ ಬರಲ್ಲ, ಅದಕ್ಕೇ ಜನಕ್ಕೆ ಗೊತ್ತಾಗಲ್ಲ.

5 ವೋಲ್ಟ್ 5 ಆಂಪ್ ಬೇಕು ಅನ್ನೋ ರಾಸ್‌ಬೆರಿ ಪೈ 5ರದ್ದೂ ಇದೇ ಜಾತಿ ತಲೆನೋವು. ದೊಡ್ಡ ದೊಡ್ಡ ಚಾರ್ಜರ್‌ಗಳೂ 5 ವೋಲ್ಟಲ್ಲಿ 3 ಆಂಪಿಗೆ ನಿಲ್ಲುತ್ತವೆ. ಆಗ ಪೈ ತನ್ನ ಯುಎಸ್‌ಬಿ ಪೋರ್ಟುಗಳಿಗೆ ಕೊಡೋದನ್ನ 600 ಮಿಲಿಆಂಪ್‌ಗೆ ಇಳಿಸಿಕೊಳ್ಳುತ್ತೆ.

—

ಎಳೆಹಿಡಿದವಳು · ಶನಿವಾರ ಬೆಳಗ್ಗೆ 8.10

ನಿಯಮಪಾಲಕರು ಹೇಳಿದ್ದಕ್ಕೆ ಒಂದೇ ಒಂದು ಸೇರಿಸ್ತೀನಿ. 9, 15 ಅಂತ ಒಂದೊಂದೇ ಬರೆಯೋ ಬದಲು ವೇರಿಯಬಲ್ ಪಿಡಿಒ ಒಂದು ಬರೆದು 5ರಿಂದ 15 ಅಂತ ವ್ಯಾಪ್ತಿ ಕೊಡಬಹುದು. ಆ ವ್ಯಾಪ್ತಿಯೊಳಗೆ ಬೀಳೋ ಯಾವ ಫಿಕ್ಸೆಡ್ ವೋಲ್ಟೇಜ್ ಆದರೂ ಡ್ರೈವರ್ ಒಪ್ಪಿಕೊಂಡು, ಅದರಲ್ಲಿ ಹೆಚ್ಚು ವ್ಯಾಟ್ ಸಿಗೋದನ್ನ ಆರಿಸುತ್ತೆ. ಬರೆಯೋ ಮುಂಚೆ ಬೋರ್ಡಿನ ಸ್ಕೀಮ್ಯಾಟಿಕ್ ತೆರೆದು, ಒಳಬರೋ ಕಡೆ ಇರೋ ಬಕ್ ಕನ್ವರ್ಟರ್, ಕೆಪ್ಯಾಸಿಟರ್, ಟಿವಿಎಸ್ ಡಯೋಡ್ ಎಷ್ಟು ವೋಲ್ಟ್ ತಡೆಯುತ್ತವೆ ನೋಡಿ. ಇದುವರೆಗೆ ತಪ್ಪಾದರೆ ಬೂಟ್ ಆಗ್ತಿರಲಿಲ್ಲ ಅಷ್ಟೇ. ಇಲ್ಲಿ ತಪ್ಪಾದರೆ ಹೊಗೆ ಬರುತ್ತೆ. ಯು-ಬೂಟಿನ ಡಿವೈಸ್ ಟ್ರೀನಲ್ಲೂ ಅದನ್ನೇ ಬರೆಯೋದು ಮರೀಬೇಡಿ.

—

ಧಾರವಾಡದ_ಫೇಡೆ · ಶನಿವಾರ ರಾತ್ರಿ 8.00

ಡಬ್ಬಿ ಒಳಗಿನ ಬೋರ್ಡ್ ತಗದೆ ರೀ. ಹೊಸ ಯು-ಬೂಟ್, ಹೊಸ ಕರ್ನಲ್ ಹಾಕಿದೆ, ಎದ್ದು ಕುಂತೈತಿ! ಎರಡ ವರ್ಷ ಸುಳ್ಳ ಅದನ್ನ ಬೈದೆ.

ಆದ್ರ ಒಂದ ಉಳೀತು ನೋಡ್ರಿ. ನನ್ನ ಚಾರ್ಜರ್‌ಗೆ ಎರಡ ಪೋರ್ಟ್ ಅದಾವ. ಬೋರ್ಡ್ ಓಡೂ ಮುಂದ ಇನ್ನೊಂದರಾಗ ಫೋನ್ ಹಚ್ಚಿದ್ರ ಬೋರ್ಡ್ ಬಂದ್ ಆಗಿ ಮತ್ತ ಚಾಲೂ ಆಗತೈತಿ.

—

ಬೆಸುಗೆಬಾಬು · ಶನಿವಾರ ರಾತ್ರಿ 8.40

ಅದು ಡ್ರೈವರ್ ಕೈಲಿ ಇಲ್ಲ. ಒಳಗೆ ಇರೋ ವ್ಯಾಟನ್ನ ಎರಡು ಪೋರ್ಟಿಗೆ ಮತ್ತೆ ಹಂಚಬೇಕಲ್ಲ, ಒಳ್ಳೇ ಚಾರ್ಜರ್ ಹೊಸ ಪಟ್ಟಿ ಕಳಿಸಿ ಮೆಲ್ಲಗೆ ಇಳಿಸುತ್ತೆ, ಕೆಲವು ಎರಡೂ ಪೋರ್ಟ್ ಕಡಿದು ಮೊದಲಿಂದ ಶುರು ಮಾಡುತ್ತವೆ. ಒಂಟಿ ಪೋರ್ಟಿನದ್ದು ತಗೊಳ್ಳಿ. ಇಲ್ಲಾಂದ್ರೆ ಆ ಇನ್ನೊಂದು ಪೋರ್ಟ್ ಮೇಲೆ ಟೇಪ್ ಅಂಟಿಸಿ.

—

ಕರಿಹಲಗೆ · ಭಾನುವಾರ ಸಂಜೆ 6.30

ಬಕ್ ಕನ್ವರ್ಟರ್ 18 ವೋಲ್ಟ್‌ವರೆಗೆ ತಡೆಯುತ್ತೆ, ಕೆಪ್ಯಾಸಿಟರ್ 25ರವು. 15ರವರೆಗೆ ವೇರಿಯಬಲ್ ಬರೆದೆ, 20 ಮುಟ್ಟಲಿಲ್ಲ. ದೊಡ್ಡ ಚಾರ್ಜರ್ ಈಗ 15 ವೋಲ್ಟ್ ಕೊಡ್ತಿದೆ, ಎಸ್‌ಎಸ್‌ಡಿ ಹಾಕಿದರೂ ಅಲ್ಲಾಡ್ತಿಲ್ಲ.

ಮಧ್ಯಾಹ್ನ ಪೆಟ್ಟಿಗೆಯನ್ನ ಪಂಪ್‌ಹೌಸಿಗೆ ಹಚ್ಚಿ ಬಂದೆ. ಕರೆಂಟ್ ಹೋಗಿ ಬಂದಾಗ ತಾನಾಗೇ ಏಳುತ್ತಾ ಅಂತ ನೋಡಬೇಕು, ಅದಕ್ಕೇ ಮೂರು ಗಂಟೆಯಿಂದ ಜಗಲಿ ಮೇಲೆ ಕೂತಿದ್ದೀನಿ. ಮಳೆ ಜೋರಾಗಿದೆ, ಗುಡುಗೂ ಇದೆ. ದಿನಾ ನಾಲ್ಕು ಸಲ ಹೋಗೋ ಕರೆಂಟು ಇವತ್ತು ಮಾತ್ರ ಹೋಗ್ತಾನೇ ಇಲ್ಲ.